ನನ್ನ ಹೆಸರು ಕಾರ್ಡಿನಿಂದ ಹೋದದ್ದು

ನರ್ಸಿಂಗ್ ಕಲಿಯಬೇಕೆಂದು ದುಡ್ಡು ಕೂಡಿಡಲು ಶುರು ಮಾಡಿದಾಗ ನನಗೆ ಹತ್ತೊಂಬತ್ತು ವರ್ಷ. ಅಪ್ಪ ತೀರಿಕೊಂಡಿದ್ದ. ಪಿಯುಸಿ ಪಾಸಾಗಿ ಮನೆಯಲ್ಲಿ ಕೂತಿದ್ದ ನನಗೆ ಶಹಾಬಾದಿನ ಒಂದು ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ನಮ್ಮೂರು ವಾಡಿಯಲ್ಲಿ ರೈಲು ಹತ್ತಿ ಹೋಗುತ್ತಿದ್ದೆ, ಸಂಜೆ ತಲೆ ತುಂಬ ಕಲ್ಲಿನ ಹಿಟ್ಟು ಹೊತ್ತು ಬರುತ್ತಿದ್ದೆ. ಅವ್ವ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಆಟೋ ಓಡಿಸುತ್ತಿದ್ದ. ಅತ್ತಿಗೆ ಮನೆ ನೋಡಿಕೊಳ್ಳುತ್ತಿದ್ದಳು. ನಾಲ್ಕು ಜನರಿಗೂ ಸೇರಿ ಒಂದು ಬಿಪಿಎಲ್ ಕಾರ್ಡು.

ಅಣ್ಣನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಭಾನುವಾರ ಮಟನ್, ಹಬ್ಬಕ್ಕೆ ಹೊಸ ಮೊಬೈಲ್, ಗೆಳೆಯರಿಗೆಲ್ಲ ಇವನದೇ ಚಹಾ. ಅವನ ಖರ್ಚಿಗೆ ಓಣಿಯಲ್ಲಿ ಒಳ್ಳೆಯ ಹೆಸರಿತ್ತು, ಕೈ ಧಾರಾಳ ಅನ್ನುತ್ತಿದ್ದರು. ನನ್ನನ್ನು ಜಿಪುಣಿ ಅನ್ನುತ್ತಿದ್ದರು. ನಾನು ಮಧ್ಯಾಹ್ನ ಮನೆಯ ಬುತ್ತಿಯನ್ನೇ ಬಿಚ್ಚುತ್ತಿದ್ದೆ, ವರ್ಷಕ್ಕೊಮ್ಮೆ ಚಪ್ಪಲಿ ಕೊಳ್ಳುತ್ತಿದ್ದೆ. ಪಗಾರದಲ್ಲಿ ಅರ್ಧ ಮನೆಗೆ ಕೊಟ್ಟು, ಉಳಿದದ್ದರಲ್ಲಿ ಸಾಧ್ಯವಾದಷ್ಟನ್ನು ಬ್ಯಾಂಕಿಗೆ ಹಾಕುತ್ತಿದ್ದೆ.

ನಾಲ್ಕು ವರ್ಷದಲ್ಲಿ ನರ್ಸಿಂಗಿನ ಅರ್ಧ ಫೀಸಿನಷ್ಟು ಕೂಡಿತು. ಇನ್ನರ್ಧಕ್ಕೆ ಸಾಲ ಕೇಳಲು ಹೋದೆ. ಬ್ಯಾಂಕಿನವರು ಚೆನ್ನಾಗಿಯೇ ಮಾತಾಡಿದರು. "ಡಿಪಾಜಿಟ್ ಅದ, ನೌಕ್ರಿ ಅದ, ಕೊಡಬಹುದ್ರಿ. ಬರೇ ಒಂದು ಇನ್ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ ತರ್ರಿ" ಎಂದರು. ನನ್ನ ಪಗಾರಕ್ಕೆ ಎಲ್ಲಿಯ ಟ್ಯಾಕ್ಸ್? ಆದರೂ ಆನ್‌ಲೈನ್ ಅಂಗಡಿಗೆ ಹೋಗಿ ಪಗಾರವನ್ನೂ ಬ್ಯಾಂಕಿನ ಬಡ್ಡಿಯನ್ನೂ ತೋರಿಸಿ ರಿಟರ್ನ್ ಹಾಕಿಸಿದೆ. ಕಟ್ಟಬೇಕಾದ ಟ್ಯಾಕ್ಸ್ ಸೊನ್ನೆ ಎಂದು ಬಂತು. ಅಂದು ನನಗೆ ಎಷ್ಟು ಹಿಗ್ಗು! ದೊಡ್ಡವರ ಸಾಲಿನಲ್ಲಿ ನಿಂತಂತೆ ಅನಿಸಿತ್ತು.

ಕೆಲವು ತಿಂಗಳ ಮೇಲೆ, ಸಾಲದ ಅರ್ಜಿ ಇನ್ನೂ ಬ್ಯಾಂಕಿನಲ್ಲೇ ಇದ್ದಾಗ, ಅತ್ತಿಗೆ ರೇಷನ್ ಅಂಗಡಿಯಿಂದ ಖಾಲಿ ಚೀಲ ಹಿಡಿದು ಬಂದಳು. ನಮ್ಮ ಕಾರ್ಡು ಬಿಪಿಎಲ್‌ನಿಂದ ಹೋಗಿ ಎಪಿಎಲ್ ಆಗಿತ್ತು. ಕಾರಣ ಕೇಳಲು ನಾನೇ ರಜೆ ಹಾಕಿ ಚಿತ್ತಾಪುರದ ತಾಲೂಕು ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಕಂಪ್ಯೂಟರ್ ನೋಡಿ, "ನಿಮ್ಮ ಮನ್ಯಾಗ ಟ್ಯಾಕ್ಸ್ ಕಟ್ಟೋರು ಯಾರದಾರ?" ಎಂದರು.

"ಯಾರೂ ಇಲ್ರಿ ಸಾಹೇಬ್ರ."

"ಇಲ್ಲಿ ನಿನ್ನ ಹೆಸರೇ ಬರ್ಲಿಕತ್ತದಲ್ಲ. ರಿಟರ್ನ್ ಹಾಕೀದಿ, ಬ್ಯಾಂಕಿನ ಬಡ್ಡಿ ತೋರಿಸೀದಿ."

"ಟ್ಯಾಕ್ಸ್ ಒಂದು ರೂಪಾಯಿ ಸೈತ ಕಟ್ಟಿಲ್ರಿ. ಆ ದುಡ್ಡು ಓದ್ಲಿಕ್ಕಿ ಕೂಡ್ಸಿದ್ದು."

"ಕೂಡ್ಸೋ ಅಷ್ಟು ಇದ್ದೋರಿಗಿ ಬಿಪಿಎಲ್ ಯಾಕ ಬೇಕು, ತಂಗಿ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದರು. ಅಣ್ಣನ ಆಟೋ ದಿನಕ್ಕೆ ಎಷ್ಟು ದುಡಿಯುತ್ತದೆಂದು ಅವರು ಕೇಳಲಿಲ್ಲ. ಅವನು ದುಡಿದದ್ದು ಎಲ್ಲಿಯೂ ಉಳಿದಿರಲಿಲ್ಲವಾದ್ದರಿಂದ ಎಲ್ಲಿಯೂ ಕಾಣುತ್ತಿರಲಿಲ್ಲ.

ಅರ್ಜಿ ಕೊಟ್ಟು ಬಂದೆ. ಅದರ ಮೇಲೆ ಏನೂ ಆಗುವ ಮೊದಲೇ ಅವ್ವ ಬಿದ್ದಳು. ಖಾನಾವಳಿಯ ಹಿಂದೆ ಪಾತ್ರೆ ತೊಳೆಯುವ ಕಡೆ ಹಾಸಿದ ಬಂಡೆಗಳು ಯಾವಾಗಲೂ ಒದ್ದೆ. ಜಾರಿ ಬಿದ್ದು ಸೊಂಟದ ಕೀಲಿನ ಎಲುಬು ಮುರಿಯಿತು. ಅಣ್ಣ ಆಟೋದ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಕಲಬುರಗಿಗೆ ಒಯ್ದ. ದಾರಿಯಲ್ಲಿ ಅವನೂ ಅತ್ತ, ನಾನೂ ಅತ್ತೆ.

ಆಸ್ಪತ್ರೆಯ ಕೌಂಟರಿನಲ್ಲಿ ಕೂತ ಹುಡುಗಿ ನಮ್ಮ ಕಾರ್ಡನ್ನು ತಿರುಗಿಸಿ ನೋಡಿ, "ಬಿಪಿಎಲ್ ಇದ್ದಿದ್ರ ಆಪರೇಶನ್ ಪೂರ್ತಿ ಫ್ರೀ ಇತ್ರಿ. ಇದಕ್ಕ ಸರ್ಕಾರ ಸ್ವಲ್ಪೇ ಕೊಡ್ತದ, ಉಳಿದದ್ದು ನೀವೇ ಕಟ್ಟಬೇಕು" ಎಂದಳು. ಅಣ್ಣ ನನ್ನ ಕಡೆ ನೋಡಿದ. ಮರುದಿನ ಡಿಪಾಜಿಟ್ ಮುರಿಸಿದೆ. ನಾಲ್ಕು ವರ್ಷದ ದುಡ್ಡು ಒಂದೇ ವಾರದಲ್ಲಿ ಹೋಯಿತು. ಅದರ ಬಗ್ಗೆ ನನಗೆ ದುಃಖವಿರಲಿಲ್ಲ. ಅವ್ವನ ಕಾಲಿಗಿಂತ ನರ್ಸಿಂಗ್ ದೊಡ್ಡದಲ್ಲ. ಆದರೆ ವಾರ್ಡಿನ ಹೊರಗೆ ಅಣ್ಣ ಸಂಬಂಧಿಕರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಇಕಿ ದುಡ್ಡು ಕೂಡ್ಸಲಿಕ್ಕಿ ಹೋಗಿ ಅವ್ವನ ಆಪರೇಶನ್ ಪುಕ್ಕಟೆ ಆಗೋದು ತಪ್ಪಿಸಿದಳು ನೋಡ್ರಿ."

ಯಾರ ದುಡ್ಡಿನಿಂದ ಆಪರೇಶನ್ ಆಯಿತೆಂದು ಅಲ್ಲಿ ಯಾರೂ ಕೇಳಲಿಲ್ಲ.

ಅವ್ವನನ್ನು ಮನೆಗೆ ತಂದ ಮೇಲೆ ಮತ್ತೆ ಚಿತ್ತಾಪುರಕ್ಕೆ ಹೋದೆ. ಈಗ ನನ್ನ ಖಾತೆಯಲ್ಲಿ ಏನೂ ಇಲ್ಲ ಎಂದು ಪಾಸ್‌ಬುಕ್ ತೋರಿಸಿದೆ. ಗುಮಾಸ್ತರು ಪುಟ ತಿರುವಿ ನೋಡಿ, "ಪಾಪ" ಎಂದರು. "ಆದ್ರ ರಿಟರ್ನ್ ಹಾಕಿದ್ದು ಹಾಕಿದಂಗೇ ಇರ್ತದ, ತಂಗಿ. ನಿನ್ನ ಹೆಸರು ಕಾರ್ಡಿನ್ಯಾಗ ಇರೋ ತನ ಏನೂ ಆಗಂಗಿಲ್ಲ. ಲಗ್ನ ಆದ್ರ ಹೆಸರು ತಾನೇ ಹೊಂಟು ಹೋಗ್ತದ."

ಆ ಮಾತನ್ನು ಮನೆಯಲ್ಲಿ ಹೇಳಬಾರದಿತ್ತು. ಹದಿನೈದು ದಿನದೊಳಗೆ ಅಣ್ಣ ಚಿಂಚೋಳಿ ಕಡೆಯ ಒಂದು ಗಂಡು ಹುಡುಕಿ ತಂದ. ನಲವತ್ತರ ಹತ್ತಿರದವನು, ಮೊದಲ ಹೆಂಡತಿ ಬಿಟ್ಟುಹೋಗಿದ್ದಳು. "ವರದಕ್ಷಿಣಿ ಬ್ಯಾಡ ಅಂತಾನ. ಭಾಳ ಚಲೋ ಮನುಷ್ಯ" ಎಂದ ಅಣ್ಣ. ನಾನು ಅವ್ವನ ಮುಖ ನೋಡಿದೆ. ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತದೆ, "ಗುಳಿಗಿಗೇ ತಿಂಗಳಾ ಎಷ್ಟು ಹೊಂಟದ ನಿನಗೇ ಗೊತ್ತದ" ಎಂದಳು.

ಅವಳು ಹೌದು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಣ್ಣ ಅಂದದ್ದೆಲ್ಲ ಮರೆತೇನು, ಈ ಮಾತನ್ನು ಮರೆಯಲಾರೆ.

ಗಂಡು ನೋಡಲು ಬರುವ ಮೊದಲೇ ನಾನು ಸೇಡಂಗೆ ಹೋದೆ. ಫ್ಯಾಕ್ಟರಿಯ ಪರಿಚಯದವರೊಬ್ಬರು ಅಲ್ಲಿ ಸಿಮೆಂಟ್ ಲಾರಿಗಳ ಆಫೀಸೊಂದರಲ್ಲಿ ಕೆಲಸ ಕೊಡಿಸಿದರು. ಒಂದು ಖೋಲಿ ಬಾಡಿಗೆಗೆ ಹಿಡಿದು, ಬಾಡಿಗೆ ಕರಾರು ಮಾಡಿಸಿ, ಬೇರೆ ಊರಲ್ಲಿದ್ದೇನೆ, ನನ್ನ ಹೆಸರು ತೆಗೆಯಿರಿ ಎಂದು ನಾನೇ ಅರ್ಜಿ ಕೊಟ್ಟೆ. ಅದು ನಡೆದುಬರಲು ಸುಮಾರು ಒಂದು ವರ್ಷ ಹಿಡಿಯಿತು. ಅಷ್ಟೂ ದಿನ ಅವ್ವನ ಗುಳಿಗೆಗೆ ದುಡ್ಡು ನಾನೇ ಕಳಿಸಿದೆ.

ಕಾರ್ಡು ತಿರುಗಿ ಬಿಪಿಎಲ್ ಆದ ದಿನ ಅಣ್ಣ ಫೋನ್ ಮಾಡಿದ. ದನಿಯಲ್ಲಿ ಖುಷಿ ಇತ್ತು. "ಅಂತೂ ಕೆಲಸ ಆತು ನೋಡು. ಈಗ ನೀ ಎಷ್ಟರ ಉಳಸ್ಕೋ, ನಮಗೇನೂ ತ್ರಾಸಿಲ್ಲ" ಎಂದ. ಅವನಿಗೆ ಅದು ತಪ್ಪು ಮಾತೆಂದು ಅನಿಸಿಯೇ ಇರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಅವ್ವ ಕೋಲು ಊರಿಕೊಂಡು ಒಮ್ಮೆ ಸೇಡಂಗೆ ಬಂದಳು. ಮಂಚದ ಮೇಲೆ ಕೂತು ನನ್ನ ಖೋಲಿಯನ್ನೆಲ್ಲ ಒಂದು ಸುತ್ತು ನೋಡಿದಳು. "ಒಬ್ಬಾಕಿಗಿ ಇಷ್ಟು ಜಾಗ ಯಾಕ ಬೇಕು?" ಎಂದಳು. ನಾನು ಊಟಕ್ಕೆ ಬಡಿಸಿದೆ. ಸಂಜೆ ಬಸ್ಸಿಗೆ ಹತ್ತಿಸುವಾಗ ಕೈ ಹಿಡಿದುಕೊಂಡು ಕೇಳಿದಳು: "ನನ್ ಮ್ಯಾಲ ಸಿಟ್ಟದ ಏನವ್ವ ನಿನಗ?"

"ಅದ" ಎಂದೆ.

ಅವಳು ಕೈ ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೆ ನಾನೇ ಬಿಡಿಸಿಕೊಂಡು ಕೆಳಗಿಳಿದೆ.