ಒಂಬತ್ತನೆಯ ತಲೆ

ವರ್ಲಾ ಶಾಲೆಯ ಅಡುಗೆಮನೆಯಲ್ಲಿ ಬಡಿಸಿ ಬಡಿಸಿ ಮುದುಕಿಯಾದವಳು. ಯಾವ ಮಗುವಿನ ತಟ್ಟೆಗೂ ಕಡಿಮೆ ಹಾಕಿದವಳಲ್ಲ. ಪಂಕ್ತಿಭೇದ ಗೊತ್ತಿಲ್ಲದ ಕೈ ಎಂದೇ ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರು ಪಕ್ಷದ ಸಭೆಗೆ ಪ್ರತಿ ಸಲ ಅವಳನ್ನೇ ಅಧ್ಯಕ್ಷೆಯಾಗಿ ಕೂರಿಸುತ್ತಿತ್ತು.

ಆ ಸಭೆಯಲ್ಲಿ ಮತಚೀಟಿ ಹಾಕುವುದಿಲ್ಲ. ಜನ ಶಾಲೆಯ ಜಿಮ್‌ಗೆ ಬಂದು, ದೇಶದ ಅಧ್ಯಕ್ಷನಾಗಲು ಹೊರಟ ತಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲುತ್ತಾರೆ. ಅಧ್ಯಕ್ಷೆ ತಲೆ ಎಣಿಸಿ, ಪಕ್ಷದ ಜಿಲ್ಲಾ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ಸ್ಥಾನಗಳನ್ನು ಮೂಲೆಗಳಿಗೆ ಹಂಚುತ್ತಾಳೆ. ಆ ಸಂಜೆ ಬಂದವರು ಅರವತ್ತು ಜನ, ಹಂಚಬೇಕಾದ ಪ್ರತಿನಿಧಿಗಳು ಐದು. ನೂರಕ್ಕೆ ಹದಿನೈದರಷ್ಟು ಜನರಿಲ್ಲದ ಮೂಲೆಗೆ ಸೊನ್ನೆ. ಅಂದರೆ ಕನಿಷ್ಠ ಒಂಬತ್ತು ತಲೆ ಬೇಕು.

ಅಭ್ಯರ್ಥಿಗಳಲ್ಲಿ ಒಬ್ಬ ಗವರ್ನರ್, ಇನ್ನೊಬ್ಬ ಸೆನೆಟರ್; ಅವರಿಬ್ಬರ ಮೂಲೆಗಳಿಗೂ ಕೂದಲೆಳೆಯ ಅಂತರ. ವರ್ಲಾ ಗವರ್ನರ್ ಕಡೆಯವಳು. ಮೂರನೆಯದು ಪಾದ್ರಿಯೊಬ್ಬನ ಮೂಲೆ. ಅಲ್ಲಿ ಸರಿಯಾಗಿ ಒಂಬತ್ತು ಜನ. ಅವರು ಉಳಿದರೆ ದೊಡ್ಡವರಿಬ್ಬರಿಗೆ ಎರಡೆರಡು, ಪಾದ್ರಿಗೆ ಒಂದು.

"ಡೆಲ್ಮರ್, ನಿನ್ನ ಪಾದ್ರಿ ಕಡೆ ದೇವರೂ ನಿಂತಿಲ್ವಲ್ಲೋ!" ಎಂದು ಸೆನೆಟರ್ ಮೂಲೆಯಿಂದ ಯಾರೋ ಕೂಗಿದರು.

"ದೇವರ ಹೆಸರು ಈ ಊರಿನ ವೋಟರ್ ಪಟ್ಟೀಲಿಲ್ಲ ಕಣೋ. ಇದ್ದಿದ್ರೆ ಹತ್ತಾಗ್ತಿದ್ವಿ!" ಎಂದ ಡೆಲ್ಮರ್, ವರ್ಲಾಳ ಪಕ್ಕದ ಮನೆಯವನು.

ಅವನ ಹೆಂಡತಿ ಆರ್ಲಿಸ್‌ಗೆ ಸೊಂಟದ ಆಪರೇಷನ್ ಆಗಿತ್ತು. ಮಂಜುಗಡ್ಡೆಯ ಮೇಲೆ ನಡೆಯಲಾರಳು, ಮನೆಯಲ್ಲಿ ಕೂರಲೂ ಒಲ್ಲಳು; ಹಾಗಾಗಿ ಹೊರಗೆ ಟ್ರಕ್ಕಿನಲ್ಲೇ ಕೂತಿದ್ದಳು. ಚಳಿ ತಡೆಯಲಾಗುತ್ತಿಲ್ಲ ಎಂದು ಗಂಡನಿಗೆ ಫೋನ್ ಮಾಡಿದಳು.

"ಹೀಟರ್ ಹಾಕಿ ಬಂದ್ಬಿಡ್ತೀನಿ ವರ್ಲಾ, ಈಗ ಬಂದೆ," ಎಂದು ಡೆಲ್ಮರ್ ಓಡಿದ.

ವರ್ಲಾ ಕಿಟಕಿಯಿಂದ ನೋಡಿದಳು. ಟ್ರಕ್ಕಿನ ಬಾಗಿಲು ಹಾಕಿ, ಜಿಮ್ ಕಡೆ ತಿರುಗಿ, ತಾಳು ಎಂಬಂತೆ ಅವನು ಕೈ ಎತ್ತಿದ. ಆಗಲೇ ಅವಳು ಇತ್ತ ತಿರುಗಿ, "ಎಣಿಸೋಣ," ಎಂದಳು.

ಪಾದ್ರಿ ಮೂಲೆಯಲ್ಲಿ ಎಂಟು. ಮೂಲೆ ಒಡೆಯಿತು. ಕೆಲವರು ಕೋಟು ಹಾಕಿಕೊಂಡು ಮನೆಗೆ ನಡೆದರು, ಉಳಿದವರು ಗವರ್ನರ್ ಕಡೆ ಸರಿದರು. ಗವರ್ನರ್‌ಗೆ ಮೂರು, ಸೆನೆಟರ್‌ಗೆ ಎರಡು. ಆ ಮೂರನೆಯ ಸ್ಥಾನಕ್ಕೆ ಅವಳ ಮೂಲೆ ವರ್ಲಾಳನ್ನೇ ಆರಿಸಿತು, ಚಪ್ಪಾಳೆಯೂ ಬಿತ್ತು.

ಎಣಿಕೆ ಮುಗಿದ ಮರುಗಳಿಗೆಯೇ ಬೂಟಿನ ಹಿಮ ಕೊಡವುತ್ತಾ ಬಂದ ಡೆಲ್ಮರ್ ಒಡೆಯುತ್ತಿದ್ದ ತನ್ನ ಮೂಲೆ ನೋಡಿದ್ದ. "ರೂಲ್ ಅಂದ್ರೆ ರೂಲ್. ತಪ್ಪು ನಂದೇ ಬಿಡಿ," ಎಂದಿದ್ದ.

ಹೌದು, ನಿಯಮ ಹೇಳುವುದು ಅಷ್ಟೇ: ಮೂಲೆಯಲ್ಲಿ ನಿಂತವರನ್ನು ಎಣಿಸು. ಓಡಿ ಬರುತ್ತಿರುವವನಿಗೆ ಕಾಯಬೇಡ ಎಂದು ಅದು ಎಲ್ಲಿಯೂ ಹೇಳಿಲ್ಲ. ಕನ್ನ ಹಾಕಿದವನನ್ನು ಊರು ಹಿಡಿಯುತ್ತದೆ. ನಿಯಮದ ಹಿಂದೆ ನಿಂತು ಕದ್ದವರನ್ನು ಸನ್ಮಾನಿಸಿ ಪ್ರತಿನಿಧಿ ಮಾಡುತ್ತದೆ.

ಬೆಳಿಗ್ಗೆ ವರ್ಲಾ ಪಕ್ಷದ ಜಿಲ್ಲಾ ಮುಖಂಡ ರಾಯ್ಸ್‌ಗೆ ಫೋನ್ ಮಾಡಿದಳು.

"ಇದ್ದವರನ್ನ ತಾನೆ ಎಣಿಸಿದ್ದು? ಸರಿಯಾಗೇ ಇದೆ. ಇನ್ನು ತಿದ್ದೋಕಾಗಲ್ಲ," ಎಂದ ರಾಯ್ಸ್.

"ಅವನು ಬರ್ತಿರೋದು ನನಗೆ ಕಾಣಿಸ್ತಿತ್ತು ರಾಯ್ಸ್."

"ಅದನ್ನ ನನಗ್ಯಾಕೆ ಹೇಳ್ತೀಯ ಮಾರಾಯ್ತಿ?"

ಅವಳು ಪಕ್ಕದ ಮನೆಗೆ ಹೋದಳು. ಆರ್ಲಿಸ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ತಟ್ಟೆಯ ಮೊಟ್ಟೆ ಆರಿ ಹೋಗಿತ್ತು.

"ಎಲ್ಲಾ ನಾನೇ ಹಾಳು ಮಾಡ್ದೆ ಕಣೇ ವರ್ಲಾ. ಚಳಿ ಚಳಿ ಅಂತ ಕರೆದೆ. ಬಾಯಿ ಮುಚ್ಕೊಂಡು ಕೂತಿದ್ರೆ ಸಾಯ್ತಿದ್ನಾ?"

"ಬೆಳಿಗ್ಗೆಯಿಂದ ಇದೇ ಹಾಡು," ಎಂದ ಡೆಲ್ಮರ್. "ನಾನು ಕೈ ಎತ್ತಿದ್ದೆ. ನಿನಗೆ ಕಾಣಿಸಿರಲ್ಲ, ಪಾಪ."

ಹೌದು ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು.

"ಕಾಣಿಸ್ತು ಡೆಲ್ಮರ್. ನೋಡಿದ ಮೇಲೇನೇ ಎಣಿಸೋಣ ಅಂದೆ."

ಆರ್ಲಿಸ್ ತಲೆಯೆತ್ತಿದಳು. "ಹಾಗಾದ್ರೆ ನನ್ನಿಂದ ಅಲ್ವಾ?"

"ನಿನ್ನಿಂದ ಅಲ್ಲ."

ಆರ್ಲಿಸ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಂದವರಿಗೆ ಕಾಫಿ ಕೊಡದ ಮನೆ ಆ ಊರಿನಲ್ಲಿಲ್ಲ. ಡೆಲ್ಮರ್ ಎದ್ದು, ಗೂಟದಲ್ಲಿದ್ದ ವರ್ಲಾಳ ಕೋಟು ತೆಗೆದು ಅವಳ ಕೈಗಿಟ್ಟ.