ತುಪ್ಪ ಹಚ್ಚಿದ ಮದ್ದುಗುಂಡು

ನಮ್ಮ ಪಕ್ಕದ ಮನೆಯ ಚಂದ್ರಿಕಾ ಆಂಟಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಮದ್ದುಗುಂಡು ಒದಗಿಸುತ್ತಾರೆ. ಯುದ್ಧ ನಡೆಯುವುದು ಆಕ್ಲೆಂಡಿನಾಚೆಯ ಕುರಿ ಮೇಯುವ ಬಯಲಲ್ಲಿ, ಭಾನುವಾರ, ಊಟವಾದ ಮೇಲೆ. ಹಳೆಯ ಯುದ್ಧಗಳನ್ನು ವೇಷ ಹಾಕಿ ಆಡುವ ಕ್ಲಬ್ಬು ಅದು. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಕ್ಕೆ ಆಂಟಿಯ ಯಜಮಾನರು ಬದರಿನಾಥ್ ಅಂಕಲ್ ನೇರವಾಗಿ ದಂಗೆಯೆದ್ದ ರೈತರ ಪಡೆ ಸೇರಿಬಿಟ್ಟರು.

ಆಂಟಿಗೆ ಮೊದಲು ಸಿಕ್ಕಿದ್ದು ಸಮೋಸದ ಡೇರೆ. "ಮೈಸೂರಲ್ಲೂ ಬಾಂಡ್ಲಿ, ಇಲ್ಲೂ ಬಾಂಡ್ಲಿ. ನಂಗೂ ಯುದ್ಧ ಬೇಕು ಕಣೇ" ಎಂದು ಹಟ ಹಿಡಿದರು. ಪಡೆಯ ಕ್ಯಾಪ್ಟನ್ ಬ್ಯಾರಿ ಹೆದರಿ, ಬಂದೂಕಿನ ಮದ್ದು ತುಂಬುವ ಕಾಗದದ ಕೊಳವೆ ಸುತ್ತುವ ಕೆಲಸ ಕೊಟ್ಟ. ತುಂಬುವವನು ಲೈಸೆನ್ಸಿರುವ ಅವನೇ. ಒಳಗೆ ಗುಂಡಿಲ್ಲ, ಬರೀ ಸದ್ದು. ಕೆಟ್ಟರೆ ಮತ್ತೆ ಸಮೋಸವೇ ಗತಿ ಎಂದೂ ಹೇಳಿದ.

ನನ್ನ ಪುಟ್ಟ ಮಗಳು ಲಾಸ್ಯಾ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ನಾನು ಕಾಗದ ಕತ್ತರಿಸಿದೆ, ಆಂಟಿ ಪೆನ್ಸಿಲಿಗೆ ಸುತ್ತಿದರು. ಆ ಕಾಲದವರು ಇದಕ್ಕೆ ದನದ ಕೊಬ್ಬು ಸವರಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದರಂತೆ. ಬ್ಯಾರಿಗೂ ಹಾಗೇ ಬೇಕಂತೆ.

"ಕೊಬ್ಬು ಕಚ್ಚಿದ ಬಾಯಲ್ಲಿ ನನ್ನ ದೇವರ ಮನೆಗೆ ಬರ್ತಾರಾ ಇವ್ರು? ತುಪ್ಪ ಕೊಡಿಲ್ಲಿ."

"ಕರಗಿದ್ರೆ ಆಂಟಿ?"

"ಈ ಊರಲ್ಲಿ ತುಪ್ಪಾನ ಸೌಟಲ್ಲಿ ಅಗೀಬೇಕು. ಸುಮ್ನಿರೇ."

ಯುದ್ಧದ ದಿನ ಬಿಸಿಲು ಸುಡುತ್ತಿತ್ತು. ಮದ್ದು ತುಂಬಿದ ಪೆಟ್ಟಿಗೆ ಬೆಳಗಿನಿಂದ ಬ್ಯಾರಿಯ ಯೂಟ್ ಗಾಡಿಯ ತೆರೆದ ಹಿಂಭಾಗದಲ್ಲೇ ಕಾದಿತ್ತು. ಕೆಂಪು ಕೋಟಿನ ಶತ್ರುಗಳು ಸಾಲಾಗಿ ಬಂದರು. ಮೊದಲ ಸದ್ದಿಗೇ ಅರ್ಧ ಜನ ಸಾಯಬೇಕೆಂದು ಮಾತಾಗಿತ್ತು.

"ಫೈರ್!" ಎಂದ ಬ್ಯಾರಿ.

ಬಂದೂಕುಗಳೆಲ್ಲ ಟುಸ್ಸೆಂದವು. ತುಪ್ಪ ಕರಗಿ ಮದ್ದಿಗಿಳಿದಿತ್ತು. ಬಯಲೆಲ್ಲ ಮೈಸೂರುಪಾಕಿನ ಘಮ. ಸಾಯಲು ಸಿದ್ಧರಾಗಿ ಬಂದವರು ಪೆಚ್ಚಾಗಿ ನಿಂತರು.

ಆಂಟಿ ಒಮ್ಮೆ ಸಮೋಸದ ಡೇರೆಯತ್ತ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ರೀ! ಬಾಯಲ್ಲೇ ಢಂ ಅನ್ರೀ!"

ಮದುವೆಯಾದಾಗಿನಿಂದ ಅವರ ಮಾತು ಮೀರದ ಅಂಕಲ್ "ಢಂ!" ಎಂದರು. ಎದುರಿಗಿದ್ದ ದಢೂತಿ ಸೈನಿಕ ಮರ್ಯಾದೆಯಿಂದ ಉರುಳಿಬಿದ್ದ. ಆಮೇಲೆ ಇಡೀ ಪಡೆಯೇ ಢಂ ಢಂ. ತಳ್ಳುಗಾಡಿಯಲ್ಲಿ ಕೂತೇ ಲಾಸ್ಯಾಳೂ ಒಬ್ಬನನ್ನು ಕೊಂದಳು.

ಬ್ಯಾರಿ ಮೀಸೆಯ ತುಪ್ಪ ಒರೆಸಿಕೊಳ್ಳುತ್ತಾ ಬಂದ. ಅವನು ಬಾಯಿ ತೆರೆಯುವ ಮೊದಲೇ ಆಂಟಿ ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು, "ನೋ ಘೀ. ನೆಕ್ಸ್ಟ್ ಟೈಮ್, ವ್ಯಾಕ್ಸ್" ಎಂದರು.

ಯುದ್ಧ ಗೆದ್ದಾಗಿತ್ತು. ಬ್ಯಾರಿ "ಸಮೋಸ?" ಎಂದಷ್ಟೇ ಕೇಳಿದ.

ಆಂಟಿ ಗಂಡನತ್ತ ಬೆರಳು ತೋರಿಸಿದರು.

ನಿನ್ನೆ ಬದರಿನಾಥ್ ಅಂಕಲ್ ನಮ್ಮ ಮನೆಗೆ ಬಂದು, ಮೈದಾ ಎಷ್ಟು ಗಟ್ಟಿ ಕಲಸಬೇಕೆಂದು ಕೇಳಿದರು. ತಲೆಯ ಮೇಲೆ ದಂಗೆಕೋರರ ಟೋಪಿ ಹಾಗೇ ಇತ್ತು.