ಹಸಿರು ಪಟ್ಟೆಯ ನಂತರ

ಈ ಮಳೆಗಾಲದಲ್ಲಿ ನಮ್ಮ ಡೊಂಬಿವಲಿಯ ಮನೆಯ ಲಾಫ್ಟ್ ಸೋರತೊಡಗಿತು. ಅಲ್ಲಿ ತುರುಕಿದ್ದ ಸಾಮಾನನ್ನೆಲ್ಲ ಕೆಳಗಿಳಿಸಬೇಕಾಯಿತು. ಮುರಿದ ಟೇಬಲ್ ಫ್ಯಾನು, ಗಣಪತಿ ಮಂಟಪದ ಥರ್ಮೋಕೋಲು, ಮದುವೆಯಲ್ಲಿ ಯಾರೋ ಕೊಟ್ಟು, ಆಮೇಲೆ ನಾವು ಇನ್ಯಾರಿಗೂ ದಾಟಿಸಲಾಗದೆ ಉಳಿದ ಗೋಡೆ ಗಡಿಯಾರ… ಎಲ್ಲದರ ಹಿಂದೆ ಒಂದು ಬಟ್ಟೆಯ ಚೀಲ. ಅದರ ಬಾಯಿಗೆ ನಾನೇ ಬಿಗಿದಿದ್ದ ಗಂಟು. ಬಿಚ್ಚುವ ಮೊದಲೇ ವಾಸನೆ ಬಂತು. ತಲೆನೋವಿಗೆ, ಕೀಲುನೋವಿಗೆ ಹಚ್ಚಿಕೊಳ್ಳುತ್ತಾರಲ್ಲ, ಆ ಹಳದಿ ಮುಲಾಮಿನ ವಾಸನೆ. ಹನ್ನೆರಡು ವರ್ಷ ಕಳೆದರೂ, ಒದ್ದೆ ಉಲ್ಲನ್ನಿನ ಮುಗ್ಗಲು ನಾತದ ನಡುವೆಯೂ ಅದು ಹಾಗೇ ಇತ್ತು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ಒಳಗೆ ಏನಿದೆ ಎಂದು ಗೊತ್ತಿತ್ತು. ಹಳದಿ ಬಿಳಿ ಪಟ್ಟೆಗಳ ಒಂದು ಕೂಸಿನ ಹೊದಿಕೆ. ಗೊತ್ತಿದ್ದುದರಿಂದಲೇ ಹನ್ನೆರಡು ವರ್ಷ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಅದನ್ನು ಹೆಣೆದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾನೊಬ್ಬಳೇ ಅಲ್ಲ, ಠಾಣೆಯಿಂದ ಪನವೇಲಿಗೆ ಹೋಗುವ ಬೆಳಗಿನ ಲೋಕಲ್ ಗಾಡಿಯ ಲೇಡೀಸ್ ಡಬ್ಬಾದಲ್ಲಿ ಮರಾಠಿಯವರಿಗೂ ಗುಜರಾತಿಯವರಿಗೂ ಅವರು ಅಕ್ಕಾ. ನೆರೂಳಿನ ಒಂದು ಶಾಲೆಯ ಆಫೀಸಿನಲ್ಲಿ ಅವರಿಗೆ ಕೆಲಸ. ನನಗೆ ಇನ್ನೂ ಮುಂದೆ, ಕಳಂಬೋಲಿಯ ಕಬ್ಬಿಣದ ಗೋದಾಮೊಂದರಲ್ಲಿ ಲಾರಿಗಳಿಗೆ ಗೇಟ್ ಪಾಸ್ ಬರೆಯುವ ಕೆಲಸ. ನಾನು ಡೊಂಬಿವಲಿಯಿಂದ ನೂಕಿಸಿಕೊಂಡು ಠಾಣೆಗೆ ಬಂದು ಗಾಡಿ ಬದಲಿಸುವಷ್ಟರಲ್ಲಿ ಅವರು ಕಲ್ಯಾಣದಿಂದ ಬಂದು ಕಿಟಕಿ ಹಿಡಿದು, ಪಕ್ಕದ ಜಾಗದಲ್ಲಿ ತಮ್ಮ ಚೀಲ ಇಟ್ಟಿರುತ್ತಿದ್ದರು. ಆ ಚೀಲವೇ ನನ್ನ ರಿಸರ್ವೇಶನ್. ಅದನ್ನು ಮುಟ್ಟಿದವರಿಗೆ ಮೂರು ಭಾಷೆಯಲ್ಲಿ ಮಂಗಳಾರತಿ ಆಗುತ್ತಿತ್ತು.

ಅವರು ಉಡುಪಿಯ ಕಡೆಯವರು, ನಾನು ವಿಜಯಪುರದ ಕಡೆಯವಳು. ನನ್ನ ಕನ್ನಡ ಅವರಿಗೆ ಜಗಳ ಆಡಿದಂತೆ ಕೇಳುತ್ತಿತ್ತಂತೆ, ಅವರದು ನನಗೆ ಪುಸ್ತಕ ಓದಿದಂತೆ. ಗಾಡಿ ಠಾಣೆ ಬಿಟ್ಟೊಡನೆ ಬಲಗೈ ಹೆಬ್ಬೆರಳಿನ ಕೀಲಿಗೆ ಮುಲಾಮು ತಿಕ್ಕಿಕೊಂಡು ಕ್ರೋಶಾ ಕಡ್ಡಿ ಹಿಡಿಯುತ್ತಿದ್ದರು. ಆ ಕೈಗೆ ವಿಶ್ರಾಂತಿ ಕೊಡಬೇಕೆಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಹೆಣೆಯುತ್ತಲೇ ಹೇಳುತ್ತಿದ್ದರು. ನಮ್ಮ ಡಬ್ಬಾದಲ್ಲಿ ಅವರ ತೋರಣವೋ ಮೊಬೈಲ್ ಚೀಲವೋ ಇಲ್ಲದ ಹೆಂಗಸೇ ಇರಲಿಲ್ಲ.

ಮದುವೆಯಾಗಿ ಆರು ವರ್ಷಕ್ಕೆ ನನಗೆ ದಿನ ನಿಂತವು. ಒಂದು ಬೆಳಿಗ್ಗೆ ಎದುರಿನವರು ಅವಲಕ್ಕಿಯ ಡಬ್ಬಿ ತೆರೆದಾಗ ನಾನು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡೆ, ಅಷ್ಟೇ. ಅಕ್ಕ ಕಡ್ಡಿಯಿಂದ ಕಣ್ಣೆತ್ತದೆ ಕೇಳಿದರು, "ಎಷ್ಟು ತಿಂಗಳು?"

"ಮೂರು ತುಂಬಿಲ್ರೀ ಅಕ್ಕಾ. ಯಾರಿಗೂ ಹೇಳಬ್ಯಾಡ್ರಿ."

"ನಾನು ಯಾರಿಗೆ ಹೇಳ್ಲಿಕ್ಕೆ ಮಾರಾಯ್ತಿ? ಬಣ್ಣ ಯಾವುದು ಬೇಕು ಹೇಳು."

ನಾನು ಹಳದಿ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಕೂಸು ಕೈಗೆ ಬರುವ ಮೊದಲು ಅದರ ಹೆಸರಿನಲ್ಲಿ ಒಂದು ಚಿಂದಿ ಬಟ್ಟೆಯನ್ನೂ ತರಬಾರದು ಎನ್ನುವವರು ನಮ್ಮ ಅತ್ತೆ. ಅದನ್ನು ಹೇಳಿದೆ. ಅಕ್ಕನ ಬಳಿ ಅದಕ್ಕೂ ಉಪಾಯವಿತ್ತು. "ಮುಗಿಸಿದ್ರೆ ಅಲ್ವಾ? ನಾವು ಮುಗಿಸುದೇ ಇಲ್ಲ. ಮಗು ಬಂದ ಮೇಲೆ ನೂಲು ತುಂಡು ಮಾಡುವ. ಅಲ್ಲಿವರೆಗೆ ಕಡೇ ಕೊಂಡಿ ಹಾಗೇ ಇರ್ಲಿ."

ಮರುದಿನವೇ ನನ್ನ ಬಲಗೈಯನ್ನು ಎಳೆದುಕೊಂಡು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರು. ಕೂಸಿನ ಹೊದಿಕೆಯನ್ನು ತಾಯಿಯ ಮೊಳದಿಂದಲೇ ಅಳೆಯಬೇಕಂತೆ. ಅಗಲ ಒಂದೂವರೆ ಮೊಳ, ಉದ್ದ ಎರಡು ಮೊಳ. ದಿನಕ್ಕೆ ಒಂದೇ ಒಂದು ಸಾಲು, ಹೆಚ್ಚಿಲ್ಲ. ನನಗೆ ಒಂಬತ್ತು ತುಂಬುವಾಗ ಅದಕ್ಕೆ ಎರಡು ಮೊಳ ತುಂಬಬೇಕು, ಹಾಗೆ ಅವರ ಲೆಕ್ಕ. ಠಾಣೆಯಿಂದ ರಬಾಳೆಯವರೆಗೆ ನನ್ನ ಕೂಸಿನ ಸಾಲು, ಅಲ್ಲಿಂದ ನೆರೂಳಿನವರೆಗೆ ಊರವರ ತೋರಣಗಳು.

ಅದು ಏರಿ ಇಳಿದು ಏರಿ ಇಳಿದು ಹೋಗುವ ಪಟ್ಟೆಯ ಹೆಣಿಗೆ. ಏರಿದ ಕಡೆಯನ್ನು ಅವರು ಗುಡ್ಡೆ ಎನ್ನುತ್ತಿದ್ದರು, ಇಳಿದ ಕಡೆಯನ್ನು ಬಯಲು. ಗುಡ್ಡೆಯ ತುದಿಯಲ್ಲಿ ಒಂದೇ ತೂತಿಗೆ ಮೂರು ಸಲ ಹೆಣೆಯಬೇಕು. ಬಯಲಿನಲ್ಲಿ ಎರಡು ತೂತು ಬಿಟ್ಟು ಮುಂದೆ ಹೋಗಬೇಕು. ಒಮ್ಮೆ ನನ್ನ ಕೈಗೂ ಕಡ್ಡಿ ಕೊಟ್ಟರು. ನಾನು ಬಿಡುವುದನ್ನೇ ಮರೆತೆ. ಸಾಲು ಸೊಟ್ಟಗೆ ಅಗಲವಾಗುತ್ತ ಹೋಯಿತು. "ನಿಂದು ಎಲ್ಲ ಗುಡ್ಡೆಯೇ" ಎಂದು ನಗುತ್ತ ಬಿಚ್ಚಿದರು. "ಎರಡು ಬಿಡ್ಬೇಕು. ಬಿಟ್ಟದ್ದು ಯಾರಿಗೂ ಕಾಣುದಿಲ್ಲ."

ಐದನೆಯ ತಿಂಗಳಲ್ಲಿ ಕೂಸು ಉಳಿಯಲಿಲ್ಲ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಗೇಟ್ ಪಾಸ್ ಬರೆಯುತ್ತಿದ್ದೆ… ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಯಾರ ತಪ್ಪೂ ಅಲ್ಲ, ಯಾರಿಂದಲೂ ಏನೂ ಮಾಡಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಯಾರದಾದರೂ ತಪ್ಪಿದ್ದಿದ್ದರೆ ವಾಸಿಯಿತ್ತು, ಬೈಯಲಾದರೂ ಒಬ್ಬರು ಸಿಗುತ್ತಿದ್ದರು. ಅತ್ತೆ ಏನೂ ಅನ್ನಲಿಲ್ಲ. ಮನೆಯವರು ಮೂರು ವಾರ ತಾವೇ ಅನ್ನ ಮಾಡಿದರು. ಕೆಲಸಕ್ಕೆ ಹೊರಟ ದಿನ ಠಾಣೆಯ ಪ್ಲಾಟ್‌ಫಾರ್ಮಿನಿಂದಲೇ ಕಿಟಕಿಯಲ್ಲಿ ಅಕ್ಕ ಕಂಡರು. ಪಕ್ಕದಲ್ಲಿ ಚೀಲ. ತೊಡೆಯ ಮೇಲೆ ಹಳದಿ. ಬೆರಳುಗಳು ಓಡುತ್ತಿದ್ದವು. ನಾನು ಕಂಬದ ಹಿಂದೆ ಸರಿದು ನಿಂತೆ. ಗಾಡಿ ಹೋಯಿತು.

ಯಾಕೆ ಅಡಗಿದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮನೆಗೆ ಗೊತ್ತು, ಆಫೀಸಿಗೆ ಗೊತ್ತು, ಬಿಲ್ಡಿಂಗಿನ ವಾಚ್‌ಮನ್‌ಗೂ ಗೊತ್ತಾಗಿತ್ತು. ಎಲ್ಲೆಡೆ ಮುಗಿದುಹೋಗಿದ್ದ ನನ್ನ ಕೂಸು ಆ ಹೆಂಗಸಿನ ತೊಡೆಯ ಮೇಲೆ ಮಾತ್ರ ಇನ್ನೂ ದಿನಕ್ಕೊಂದು ಸಾಲು ಬೆಳೆಯುತ್ತಿತ್ತು. ನಾನು ಒಂದು ಮಾತು ಹೇಳಿದರೆ ಅಲ್ಲೂ ನಿಲ್ಲುತ್ತಿತ್ತು. ಆ ಮಾತು ನನ್ನ ಬಾಯಿಂದ ಬರಲಿಲ್ಲ.

ಮರುಗಾಡಿ ಹಿಡಿದರೆ ಆಫೀಸಿಗೆ ತಡ. ಒಂದು ವಾರ ಸೇಠ್‌ಜಿ ಸುಮ್ಮನಿದ್ದರು, ಆಮೇಲೆ ಕೂಗಾಡಿದರು. ಬೇರೆ ದಾರಿ ಕಾಣದೆ, ನಮಗೆ ದುಬಾರಿಯಾದರೂ ಫಸ್ಟ್ ಕ್ಲಾಸ್ ಪಾಸ್ ಮಾಡಿಸಿದೆ. ಅದೇ ಗಾಡಿ, ಬೇರೆ ಡಬ್ಬಾ. ನನ್ನ ಬುದ್ಧಿಗೆ ಹೊಳೆಯದೇ ಹೋದದ್ದೆಂದರೆ, ಹೆಂಗಸರ ಫಸ್ಟ್ ಕ್ಲಾಸಿಗೂ ಸೆಕೆಂಡ್ ಕ್ಲಾಸಿಗೂ ನಡುವೆ ಇರುವುದು ಒಂದು ಜಾಲರಿ. ಜಾಲರಿಯ ಆಚೆ ಎರಡನೆಯ ಸಾಲಿನಲ್ಲಿ ಅಕ್ಕನ ಬೆನ್ನು, ಮೊಣಕೈ, ಪಕ್ಕದಲ್ಲಿ ಚೀಲ. ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಕೂತೆ. ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಮರುದಿನವೂ ಅದೇ ಜಾಗಕ್ಕೆ ಬಂದು ಕೂತೆ.

ಅಕ್ಕನ ಎದುರು ಕೂರುತ್ತಿದ್ದ ಮರಾಠಿ ಹೆಂಗಸೊಬ್ಬರು, ಡಬ್ಬಾದವರೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ಒಂದು ದಿನ ಚೀಲ ತೋರಿಸಿ, ನಿಮ್ಮ ಹುಡುಗಿ ಎಲ್ಲಿ ಎಂದು ಕೇಳಿದರು. ಅಕ್ಕ ತಮ್ಮದೇ ಹಿಂದಿಯಲ್ಲಿ ಉತ್ತರ ಕೊಟ್ಟರು. "ಮಾಯ್ಕೇ ಗಯೀ ಹೋಗೀ. ಪಹ್ಲಾ ಬಚ್ಚಾ ಹೈ ನಾ."

ಚೊಚ್ಚಲ ಹೆರಿಗೆ, ತವರಿಗೆ ಹೋಗಿದ್ದಾಳೆ! ಅವರಿಗೆ ಇನ್ನೇನು ತೋಚಬೇಕು? ನಮ್ಮ ಜನರಲ್ಲಿ ಬಸುರಿ ಹೆಂಗಸು ಇದ್ದಕ್ಕಿದ್ದಂತೆ ಕಾಣದಾದರೆ ಹಾಗೇ ತಾನೇ ಅಂದುಕೊಳ್ಳುವುದು? ನಾನು ಜಾಲರಿಯ ಈಚೆ ದುಪಟ್ಟಾವನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ.

ತಿಂಗಳುಗಳು ಹೋದವು. ನನಗೆ ಒಂಬತ್ತು ತುಂಬಬೇಕಿದ್ದ ದಿನವೂ ಹೋಯಿತು. ಎರಡು ಮೊಳ ತುಂಬಿದ ಮೇಲೂ ಅಕ್ಕ ಹೆಣೆಯುತ್ತಲೇ ಇದ್ದರು. ನಾನು ಬಂದು ಸುದ್ದಿ ಹೇಳದೆ ನೂಲು ತುಂಡು ಮಾಡುವಂತಿರಲಿಲ್ಲವಲ್ಲ. ಮರಾಠಿ ಬಾಯಿ ತಮಾಷೆ ಮಾಡಿದರು, "ಅಕ್ಕಾ, ಬಾಳ ಆಹೇ ಕೀ ಹತ್ತೀ?" ಹುಟ್ಟಿರುವುದು ಕೂಸೋ ಆನೆಯೋ ಎಂದು. ಡಬ್ಬಾ ಎಲ್ಲ ನಕ್ಕಿತು. ಅಕ್ಕನೂ ನಕ್ಕರು. "ಬಚ್ಚಾ ಉಧರ್ ಬಡಾ ಹೋತಾ ಹೈ ನಾ? ಅಬ್ ತೋ ಹಂಸ್ನೇ ಲಗಾ ಹೋಗಾ." ಅಲ್ಲಿ ಕೂಸು ಬೆಳೆಯುತ್ತಿದೆಯಲ್ಲ, ಈಗ ನಗಲು ಶುರು ಮಾಡಿರುತ್ತದೆ ಎಂದರು. ಆ ದಿನ ನಾನು ಕಳಂಬೋಲಿಗೆ ಹೋಗಲಿಲ್ಲ. ಪನವೇಲಿನಲ್ಲಿ ಇಳಿದು ಅದೇ ಗಾಡಿಯಲ್ಲಿ ವಾಪಸು ಬಂದೆ.

ಆಮೇಲೆ ಆ ಹಸಿರು. ಕಲ್ಯಾಣದ ಅಂಗಡಿಯಲ್ಲಿ ಹಳದಿ ಉಲ್ಲನ್ ಖಾಲಿಯಾಗಿ, ಅದು ಬರುವವರೆಗೆ ಒಂದು ಪಟ್ಟೆಗೆಂದು ಹಸಿರು ತಂದಿದ್ದರು. ಬಣ್ಣ ಹೊಂದುತ್ತದೋ ಇಲ್ಲವೋ ಎಂದು ಹೊದಿಕೆಯನ್ನು ಬೆಳಕಿಗೆ ಹಿಡಿಯಲು ಜಾಲರಿಯ ಕಡೆಗೆ ತಿರುಗಿದರು. ಸೆಕೆಯೆಂದು ನಾನು ದುಪಟ್ಟಾ ಸರಿಸಿದ್ದೆ.

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ನೋಡಿದರು. ಆಮೇಲೆ ಏನೂ ಇಲ್ಲದ ನನ್ನ ಮಡಿಲು… ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಜುಯಿನಗರ ಬಂತು, ಜನ ನುಗ್ಗಿದರು, ನಡುವೆ ಯಾರ ಯಾರದೋ ಬೆನ್ನುಗಳು ಬಂದವು. ನೆರೂಳಿನಲ್ಲಿ ಇಳಿದ ಅಕ್ಕ ದಿನದಂತೆ ಸೇತುವೆಯ ಕಡೆ ಹೋಗದೆ ನನ್ನ ಕಿಟಕಿಯ ಹತ್ತಿರ ಬಂದರು. ಸರಳಿನೊಳಗೆ ಕೈ ಹಾಕಿ ನನ್ನ ಬಲಗೈಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ನಿಧಾನವಾಗಿ ಒಮ್ಮೆ ಸವರಿದರು. ನಾನು ಏನು ಮಾಡಿದೆ? ನನ್ನ ಚಪ್ಪಲಿ ನೋಡುತ್ತ ಕೂತೆ. ಗಾಡಿ ಹೊರಟಿತು.

ಮರುದಿನದಿಂದ ಜಾಲರಿಗೆ ಬೆನ್ನು ಹಾಕಿ ಕೂರತೊಡಗಿದೆ. ಅವರು ಅದನ್ನೆಲ್ಲ ಬಿಚ್ಚಿ ನೂಲು ಸುತ್ತಿಟ್ಟಿರುತ್ತಾರೆ ಎಂದುಕೊಂಡೆ. ನೋಡುವ ಧೈರ್ಯ ಇರಲಿಲ್ಲ. ಮೂರು ತಿಂಗಳಾದ ಮೇಲೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಆ ಮರಾಠಿ ಬಾಯಿ ನನ್ನನ್ನು ತಡೆದು ಈ ಚೀಲ ಕೈಗಿಟ್ಟರು. ಅದರ ಬಾಯಲ್ಲಿ ಹಳದಿ ಬಿಳಿ ಪಟ್ಟೆ ಕಂಡೊಡನೆ ಗಂಟು ಬಿಗಿದೆ. ಅಕ್ಕನಿಗೆ ಹುಷಾರಿಲ್ಲ, ಕೆಲಸ ಬಿಟ್ಟು ಊರಿಗೆ ಹೋದರು, ಯಾರೋ ತಮ್ಮ ಬಂದು ಕರೆದುಕೊಂಡು ಹೋದ ಎಂದರು. ಅವರಿಗೆ ಒಬ್ಬ ತಮ್ಮನಿದ್ದಾನೆ ಎಂಬುದು ನನಗೆ ಆಗಲೇ ತಿಳಿದದ್ದು. ಅಷ್ಟು ದಿನ ಮಂಡಿಗೆ ಮಂಡಿ ತಾಗಿಸಿ ಕೂತವಳು ಅವರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿಯೇ ಇರಲಿಲ್ಲ.

"ಕುಛ್ ಬೋಲೀ ಕ್ಯಾ?" ಏನಾದರೂ ಹೇಳಿದರಾ ಎಂದು ಕೇಳಿದೆ.

"ನಹೀಂ. ಬಸ್ ಬೋಲಾ, ಫಸ್ಟ್ ಕ್ಲಾಸ್‌ವಾಲೀ ಕೋ ದೇ ದೇನಾ." ಫಸ್ಟ್ ಕ್ಲಾಸಿನವಳಿಗೆ ಕೊಟ್ಟುಬಿಡು ಎಂದರಂತೆ, ಅಷ್ಟೇ.

ಆ ಬಾಯಿ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಪ್ರತಿ ಸಲವೂ ಅದು ಬಂದ್ ಆಗಿತ್ತು. ಆ ವರ್ಷ ದಸರೆಯ ಹಿಂದಿನ ದಿನ ಹೆಂಗಸರು ಎಂದಿನಂತೆ ಡಬ್ಬಾಕ್ಕೆ ಚೆಂಡುಹೂವಿನ ಸರ ಕಟ್ಟಿ ಪೂಜೆ ಮಾಡಿದರು. ಹೂವಿನ ನಡುವೆ ಅಕ್ಕ ಹೆಣೆದ ಒಂದು ತೋರಣ ನೇತಾಡುತ್ತಿತ್ತು. ಮರಾಠಿ ಬಾಯಿ ಜಾಲರಿಯ ಹತ್ತಿರ ಬಂದು ಪ್ರಸಾದದ ಪೇಡೆ ಕೊಟ್ಟು, "ಅಕ್ಕಾ ಗೇಲ್ಯಾ" ಎಂದರು. ಅಕ್ಕ ತೀರಿಹೋಗಿದ್ದರು. ಪೇಡೆಯನ್ನು ಕೈಯಲ್ಲಿ ಹಿಡಿದೇ ಕಳಂಬೋಲಿಯವರೆಗೆ ಹೋದೆ.

ಮೊನ್ನೆ ಆ ಗಂಟು ಬಿಚ್ಚಿದೆ. ಮಳೆಗೆ ಹೊರಗೆ ಒಣಗಿಸುವಂತಿಲ್ಲ, ಹಾಸಿಗೆಯ ಮೇಲೆ ಹರಡಿ ಫ್ಯಾನ್ ಹಾಕಿದೆ. ಕೊಂಡಿಯಲ್ಲಿ ಕಡ್ಡಿ ಹಾಗೇ ಇದೆ, ನೂಲಿನ ಉಂಡೆಯೂ ಅಂಟಿಕೊಂಡೇ ಇದೆ. ಹರಡುತ್ತ ಹೋದಂತೆ ಅದು ಮುಗಿಯುತ್ತಲೇ ಇರಲಿಲ್ಲ. ನನ್ನ ಮೊಳ ಹಾಕಿ ಅಳೆದೆ. ಹಸಿರು ಪಟ್ಟೆಯವರೆಗೆ ಎರಡೂವರೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಸಿರಿನ ನಂತರ ಮತ್ತೆ ಹಳದಿ, ಬಿಳಿ, ಹಳದಿ, ಬಿಳಿ… ಇನ್ನೂ ಪೂರ್ತಿ ಒಂದು ಮೊಳ. ಎಲ್ಲೂ ಒಂದು ತೂತು ತಪ್ಪಿಲ್ಲ. ನನ್ನನ್ನು ನೋಡಿದ ಮೇಲೂ, ಎಲ್ಲ ತಿಳಿದ ಮೇಲೂ, ನೋಯುವ ಆ ಹೆಬ್ಬೆರಳಿನಲ್ಲಿ ಮೂರು ತಿಂಗಳು ದಿನಕ್ಕೊಂದು ಸಾಲು ಹೆಣೆದಿದ್ದಾರೆ. ಬರೀ ಕೂಸಿಗೆ ಯಾರೂ ಮೂರೂವರೆ ಮೊಳ ಹೆಣೆಯುವುದಿಲ್ಲ.

ಮನೆಯವರು ಹೊರಗೆ ಲಾಫ್ಟಿನ ಕೆಲಸದವನ ಜೊತೆ ಮಾತಾಡುತ್ತಿದ್ದರು. ಬಾಗಿಲು ಮುಂದೆ ಮಾಡಿ ಮಲಗಿ ಹೊದ್ದುಕೊಂಡೆ. ಕತ್ತಿನಿಂದ ಪಾದದವರೆಗೆ ಬಂತು, ಕಾಲ ಕೆಳಗೆ ಮಡಚಿಕೊಳ್ಳಲೂ ಇಷ್ಟು ಮಿಕ್ಕಿತು. ಅಗಲ ಮಾತ್ರ ಹಾಕಿದ್ದು ಹಾಕಿದಷ್ಟೇ, ಅದನ್ನು ಹಿಗ್ಗಿಸಲು ಅವರಿಂದಲೂ ಆಗುವಂತಿರಲಿಲ್ಲ. ಅಗಲ ಕೂಸಿನದು, ಉದ್ದ ನನ್ನದು. ಈ ಬದಿಗೆ ಎಳೆದುಕೊಂಡರೆ ಆ ಬದಿ ಬರಿದಾಗುತ್ತದೆ. ಒಣಗದ ಉಲ್ಲನ್ ತಣ್ಣಗಿತ್ತು. ಕ್ರೋಶಾ ಕಡ್ಡಿ ಕಾಲಿಗೆ ಚುಚ್ಚುತ್ತಿತ್ತು, ತೆಗೆಯಲಿಲ್ಲ.

ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ. ಆಮೇಲೆ ಯಾರೂ ಇಲ್ಲದ ಆ ಕೋಣೆಯಲ್ಲಿ, ಹನ್ನೆರಡು ವರ್ಷ ತಡವಾಗಿ, ಬಾಯಿಬಿಟ್ಟು ಹೇಳಿದೆ.

"ಅಕ್ಕಾ, ಕೂಸು ಉಳೀಲಿಲ್ರೀ."